ಬಿಟ್ಟಿ ಕ್ಯಾಂಪಿಂಗ್‌ಗೆ ಹೊರಟವರು ಮೊದಲು ತಲೆಯೆತ್ತಿ ಮರ ನೋಡಿ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿರುವ ಕನ್ನಡದವರಿಗೂ ಬೇಸಿಗೆಯಲ್ಲಿ ಇಲ್ಲಿಗೆ ಸುತ್ತಾಡಲು ಬರುವವರಿಗೂ ಇದನ್ನು ಬರೆಯುತ್ತಿದ್ದೇನೆ. ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನ ಕ್ಯಾಂಪ್‌ಗ್ರೌಂಡ್‌ಗಳು ತಿಂಗಳುಗಟ್ಟಲೆ ಮುಂಚೆಯೇ ಭರ್ತಿಯಾಗುತ್ತವೆ. ಆಗ ಯಾರಾದರೊಬ್ಬರು ಹೇಳುತ್ತಾರೆ: "ಪಕ್ಕದ ನ್ಯಾಷನಲ್ ಫಾರೆಸ್ಟಿಗೆ ಹೋಗಿ, ಬುಕಿಂಗೂ ಬೇಡ, ದುಡ್ಡೂ ಬೇಡ." ಮಾತು ನಿಜವೇ. ಪಾರ್ಕಿನ ನಿಯಮ ಬೇರೆ, ಫಾರೆಸ್ಟಿನ ನಿಯಮ ಬೇರೆ. ಫಾರೆಸ್ಟಿನಲ್ಲಿ ಅನುಮತಿ ಇರುವ ಕಡೆ ಸಾಮಾನ್ಯವಾಗಿ 14 ದಿನದವರೆಗೆ ಪುಕ್ಕಟೆ ಟೆಂಟ್ ಹಾಕಿಕೊಂಡಿರಬಹುದು. ಆದರೆ ಆ ಜಾಗದಲ್ಲಿ ಯಾವ ಮರ ಬೀಳುವಂತಿದೆ ಎಂದು ನಿಮಗಿಂತ ಮುಂಚೆ ಯಾರೂ ನೋಡಿರುವುದಿಲ್ಲ. ಇದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಕಳೆದ ಆಗಸ್ಟಿನಲ್ಲಿ ನಾವೂ ನನ್ನ ಭಾವಮೈದನ ಮನೆಯವರೂ ಗ್ರಾನ್ಬಿ ಊರಿನ ಮೇಲ್ಗಡೆ, ಅರಾಪಹೊ ನ್ಯಾಷನಲ್ ಫಾರೆಸ್ಟಿಗೆ ಹೋದೆವು. ಒಂದು ಆ್ಯಪ್‌ನಲ್ಲಿ ಆ ಜಾಗಕ್ಕೆ ಹೊಗಳಿಕೆಯೋ ಹೊಗಳಿಕೆ. ಸಮತಟ್ಟು ನೆಲ, ಕಲ್ಲು ಜೋಡಿಸಿದ ಬೆಂಕಿಗುಂಡಿ, ಹತ್ತಿರದಲ್ಲೇ ತೊರೆ. ಹಿಂದೆ ಸಾಲಾಗಿ ನಿಂತ ಒಣಮರಗಳ ಬಗ್ಗೆ ಒಂದಕ್ಷರವೂ ಇರಲಿಲ್ಲ.

ನಡುರಾತ್ರಿ ಕಳೆದ ಮೇಲೆ ಗಾಳಿ ಎದ್ದಿತು. ಮೊದಲು ಕಿರ್ರ್ ಎಂಬ ಸದ್ದು, ಆಮೇಲೆ ಲಟಾರನೆ ಒಂದೇ ಏಟು. ಬೆನ್ನ ಕೆಳಗೆ ನೆಲ ಅದುರಿತು. ಟಾರ್ಚ್ ಹಾಕಿ ನೋಡಿದರೆ ಅಡುಗೆಗೆ ಇಟ್ಟಿದ್ದ ಮಡಚುವ ಮೇಜು ಎರಡು ತುಂಡು, ಸ್ಟೌ ಅಪ್ಪಚ್ಚಿ. ಅವುಗಳ ಮೇಲೆ ತೊಗಟೆಯೇ ಇಲ್ಲದ ಬೂದು ಬಣ್ಣದ ಮರ ಉದ್ದಕ್ಕೆ ಬಿದ್ದಿತ್ತು. ಅದರ ಒಂದು ಕೊಂಬೆ ಭಾವಮೈದನ ಟೆಂಟನ್ನು ಸೀಳಿಕೊಂಡು ಅವನ ಹೆಗಲಿಗೆ ಬಡಿದಿತ್ತು. ಅವನ ಮಗಳು ಆ ರಾತ್ರಿ ಅಮ್ಮನ ಪಕ್ಕ, ಟೆಂಟಿನ ಆಚೆ ಬದಿಗೆ ಮಲಗಿದ್ದಳು. ಈಚೆ ಬದಿಗೆ ಮಲಗಿದ್ದರೆ ಎಂದು ಯೋಚಿಸಲು ನನ್ನಿಂದ ಇವತ್ತಿಗೂ ಆಗುವುದಿಲ್ಲ.

ಆಸ್ಪತ್ರೆಗೆಂದು ಕಾರು ತೆಗೆದರೆ ಸ್ವಲ್ಪ ದೂರದಲ್ಲೇ ಇನ್ನೊಂದು ಮರ ರಸ್ತೆಗೆ ಅಡ್ಡ. ಫೋನಿಗೆ ಸಿಗ್ನಲ್ ಇಲ್ಲ. ನನ್ನ ಹೆಂಡತಿಯ ಫೋನಿನಲ್ಲಿ ಸ್ಯಾಟಲೈಟ್ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯವಿತ್ತು (ಐಫೋನ್ 14 ಮತ್ತು ಅದರ ನಂತರದವುಗಳಲ್ಲಿ ಇದೆ). ಮರಗಳ ಕೆಳಗೆ ಅದೂ ಕೆಲಸ ಮಾಡಲಿಲ್ಲ. ಕತ್ತಲಲ್ಲಿ ಬಯಲಿಗೆ ನಡೆದು, ಆಕಾಶದತ್ತ ಹಿಡಿದು ನಿಂತ ಮೇಲೆ ಸಂದೇಶ ಹೋಯಿತು. ರಕ್ಷಣಾ ತಂಡದವರು ಮರ ಕೊಯ್ದು ನಮ್ಮನ್ನು ತಲುಪುವಷ್ಟರಲ್ಲಿ ಬೆಳಕು ಹರಿದಿತ್ತು. ಭಾವಮೈದನ ಕಾಲರ್ ಬೋನ್ ಮುರಿದಿತ್ತು. ಈ ರಾಜ್ಯದಲ್ಲಿ ಇಂಥ ತಂಡಗಳಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಅವರ ಋಣ ದೊಡ್ಡದು.

ಆ ಮರಗಳು ಸತ್ತದ್ದು ಮೌಂಟನ್ ಪೈನ್ ಬೀಟಲ್ ಎಂಬ, ಅಕ್ಕಿಕಾಳಿನಷ್ಟಿರುವ ದುಂಬಿಯಿಂದ. ಅದು ತೊಗಟೆ ಕೊರೆದು ಒಳಗೆ ಮೊಟ್ಟೆಯಿಡುತ್ತದೆ, ಜೊತೆಗೆ ತಂದ ಶಿಲೀಂಧ್ರ ಮರದೊಳಗೆ ನೀರು ಏರದಂತೆ ಕಟ್ಟಿಹಾಕುತ್ತದೆ. ಮುಂದಿನ ಬೇಸಿಗೆಗೆ ಸೂಜಿಯೆಲೆ ಕೆಂಪಾಗುತ್ತದೆ, ಮೂರ್ನಾಲ್ಕು ವರ್ಷದಲ್ಲಿ ಎಲ್ಲ ಉದುರಿ ಬೂದು ಕಂಬ ಉಳಿಯುತ್ತದೆ. 1996ರಿಂದೀಚೆಗೆ ಕೊಲೊರಾಡೊದಲ್ಲಿ ಸುಮಾರು 34 ಲಕ್ಷ ಎಕರೆ ಕಾಡಿಗೆ ಈ ಪಿಡುಗು ತಗುಲಿತು. ಗ್ರಾನ್ಬಿ ಇರುವ ಗ್ರ್ಯಾಂಡ್ ಕೌಂಟಿಗೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಬಿದ್ದ ಪೆಟ್ಟು ಜೋರು. ಅಲ್ಲಿ ಹೆಚ್ಚಾಗಿರುವ ಲಾಡ್ಜ್‌ಪೋಲ್ ಪೈನ್‌ನ ಬೇರು ಆಳಕ್ಕೆ ಇಳಿಯುವುದಿಲ್ಲ. ಬುಡ ಕೊಳೆತ ಮೇಲೆ ಅದು ಗಾಳಿಯಿಲ್ಲದ ದಿನವೂ ಉರುಳಬಹುದು.

ದುಡ್ಡು ಕೊಟ್ಟು ಉಳಿಯುವ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅರಣ್ಯ ಇಲಾಖೆಯವರು ಇಂಥ ಮರಗಳನ್ನು ಕಡಿಸಿದ್ದಾರೆ, ಅದಕ್ಕಾಗಿ ಕೆಲವನ್ನು ಮುಚ್ಚಿಯೂ ಇದ್ದರು. ಬೋಳಾಗಿ ಕಾಣುತ್ತದೆಂದು ಅವನ್ನು ನೋಡಿ ಮೂಗು ಮುರಿಯುವವರನ್ನು ಕಂಡಿದ್ದೇನೆ. ಚಿಕ್ಕ ಮಕ್ಕಳಿದ್ದರೆ ಆ ಬೋಳು ಜಾಗಕ್ಕೇ ದುಡ್ಡು ಕೊಡಿ ಎನ್ನುತ್ತೇನೆ. ಬಿಟ್ಟಿ ಜಾಗದಲ್ಲಿ ಕಾಣುವ ಬೆಂಕಿಗುಂಡಿ ನಿಮಗಿಂತ ಮುಂಚೆ ಬಂದವರು ಕಲ್ಲು ಜೋಡಿಸಿದ್ದು, ಅಷ್ಟೇ. ಅದನ್ನು ನೋಡಿ ಜಾಗ ಸುರಕ್ಷಿತ ಅಂದುಕೊಳ್ಳಬೇಡಿ.

ಹೋಗಲೇಬೇಕೆಂದಿದ್ದರೆ, ಬೆಳಕಿರುವಾಗಲೇ ತಲುಪಿ, ಸಾಮಾನು ಇಳಿಸುವ ಮುಂಚೆ ಸುತ್ತ ಒಂದು ಸುತ್ತು ಹಾಕಿ. ತೊಗಟೆ ಕಳಚಿದ ಮರ, ವಾಲಿದ ಮರ, ಇನ್ನೊಂದಕ್ಕೆ ಒರಗಿ ನಿಂತ ಮರ, ಮುರಿದು ಮೇಲೆಯೇ ಸಿಕ್ಕಿಕೊಂಡ ಕೊಂಬೆ ಕಂಡರೆ ಅಲ್ಲಿ ನಿಲ್ಲಬೇಡಿ. ಮರದ ಎತ್ತರದ ಒಂದೂವರೆ ಪಟ್ಟಾದರೂ ದೂರವಿರಬೇಕು. ಈ ಪೈನ್‌ಗಳು 60-80 ಅಡಿ ಬೆಳೆಯುತ್ತವೆ, ಲೆಕ್ಕ ಹಾಕಿಕೊಳ್ಳಿ. ಬಯಲಿನ ಕಡೆ ಸರಿದರೆ ಇನ್ನೊಂದು ಅಪಾಯವಿದೆ: ಜುಲೈ, ಆಗಸ್ಟ್ ಮಧ್ಯಾಹ್ನಗಳಲ್ಲಿ ಸಿಡಿಲು. ಗುಡುಗು ಕೇಳಿದ ಕೂಡಲೇ ಟೆಂಟ್ ಬಿಟ್ಟು ಕಾರಿನೊಳಗೆ ಕೂರಿ. ಕಾರಿನ ಮೂತಿ ರಸ್ತೆಯ ಕಡೆಗಿರಲಿ, ಒಂದು ಗರಗಸ ಇರಲಿ, ಎಲ್ಲಿದ್ದೀರೆಂದು ಊರಲ್ಲಿರುವ ಒಬ್ಬರಿಗಾದರೂ ತಿಳಿಸಿರಿ.

ಸುಟ್ಟ ಕಾಡಿನಲ್ಲೂ ಇದೇ ಅಪಾಯ. 2020ರ ಈಸ್ಟ್ ಟ್ರಬಲ್‌ಸಮ್ ಬೆಂಕಿ ಇದೇ ಕೌಂಟಿಯಲ್ಲಿ ಹೊತ್ತಿ 1.9 ಲಕ್ಷ ಎಕರೆಗೂ ಹೆಚ್ಚು ಸುಟ್ಟಿತು. ಕರಿಕಲಾದ ಮರಗಳು ಬೀಳುವುದು ಬೆಂಕಿ ಆರಿ ವರ್ಷಗಳಾದ ಮೇಲೂ ನಿಲ್ಲುವುದಿಲ್ಲ. ಆ್ಯಪ್ ಏನೇ ಹೇಳಲಿ, ಹೊರಡುವ ಮುಂಚೆ ಆ ಭಾಗದ ರೇಂಜರ್ ಕಚೇರಿಗೆ ಫೋನ್ ಮಾಡಿ. ಯಾವ ರಸ್ತೆಯ ಕಡೆ ಸತ್ತ ಮರ ಹೆಚ್ಚು, ಬೆಂಕಿ ಹಾಕಲು ನಿಷೇಧ ಇದೆಯೇ ಎಂಬ ಎರಡನ್ನೂ ಬಾಯಿಬಿಟ್ಟು ಕೇಳಿ.