ಬರ್ನಿಂಗ್ ಪ್ರೋಗ್ರಾಂ ಅರ್ಧದಲ್ಲಿ ಮುಚ್ಚಿಕೊಂಡರೆ: ಬಳಸಿ ನೋಡಿದ ಐದು ದಾರಿಗಳ ಹೋಲಿಕೆ

ಸಿಡಿ ಬರ್ನ್ ಆಗುತ್ತಿರುವಾಗ ಪ್ರೋಗ್ರಾಂ ತಾನಾಗಿ ಮುಚ್ಚಿಕೊಂಡರೆ ಒಂದು ಬ್ಲಾಂಕ್ ಸಿಡಿ ಹಾಳಾಗುತ್ತದೆ. ಅದು ಹೋದರೆ ಹೋಗಲಿ. ಯಾಕೆ ಮುಚ್ಚಿಕೊಂಡಿತು ಅಂತ ಗೊತ್ತಾಗದೆ ಇರುವುದೇ ದೊಡ್ಡ ತಲೆನೋವು. ಇನ್ನೊಂದು ಸಿಡಿ ಹಾಕಿದರೂ ಅದೇ ಕಥೆ. ಅದಕ್ಕೇ ಈ ಪ್ರೋಗ್ರಾಂಗಳನ್ನು ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದೆ: ಕೆಲಸ ಕೆಟ್ಟಾಗ ಕಾರಣ ಹೇಳುವುದು ಯಾವುದು?

ನನ್ನ ಕೆಲಸ ಮೂರು ಥರದ್ದು. ಮನೆಯಲ್ಲಿದ್ದ ಹರಿಕಥೆ ಕ್ಯಾಸೆಟ್‌ಗಳನ್ನು ಎಂಪಿ3 ಮಾಡಿ, ಊರಿನ ಹಿರಿಯರ ಸಿಡಿ ಪ್ಲೇಯರ್‌ಗೆ ಆಡಿಯೊ ಸಿಡಿ ಮಾಡಿಕೊಡುವುದು. ಮದುವೆ ವಿಡಿಯೊಗಳನ್ನು ಟಿವಿ ಪಕ್ಕದ ಡಿವಿಡಿ ಪ್ಲೇಯರ್‌ನಲ್ಲಿ ಓಡುವ ಹಾಗೆ ಬರೆಯುವುದು. ಕನ್ನಡದಲ್ಲೇ ಹೆಸರಿಟ್ಟ ಫೈಲುಗಳನ್ನು ಡಿಸ್ಕಿನಲ್ಲಿ ಕಾಪಿಡುವುದು. ಕಂಪ್ಯೂಟರ್ ವಿಂಡೋಸ್ 10 ಇರುವ ಅಸೆಂಬಲ್ಡ್ ಪೆಟ್ಟಿಗೆ, ಒಳಗೆ ಸಾಟಾ ಡಿವಿಡಿ ರೈಟರ್.

ಮೊದಲು ರೈಟರ್ ಜೊತೆ ಉಚಿತವಾಗಿ ಬಂದಿದ್ದ ದೊಡ್ಡ ಪ್ಯಾಕೇಜಿನ ವಿಷಯ. ಅದರ ಹೆಸರು ಹೇಳುವುದಿಲ್ಲ, ಯಾಕೆಂದರೆ ತಪ್ಪು ಪೂರ್ತಿ ಅದರದ್ದಲ್ಲ. ಹಾಡುಗಳನ್ನು ಪಟ್ಟಿಗೆ ಎಳೆದು ಹಾಕುತ್ತಿದ್ದ ಹಾಗೇ ಕಿಟಕಿ ಮಾಯವಾಗುತ್ತಿತ್ತು. ಇಂಥ ಹೊತ್ತಿನಲ್ಲಿ ನೋಡಬೇಕಾದ ಜಾಗ ವಿಂಡೋಸ್‌ನ ಈವೆಂಟ್ ವ್ಯೂವರ್, ಅಂದರೆ ಕಂಪ್ಯೂಟರಿನಲ್ಲಿ ನಡೆದದ್ದನ್ನೆಲ್ಲ ವಿಂಡೋಸ್ ಬರೆದಿಟ್ಟಿರುವ ಪಟ್ಟಿ. ಅದರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಷನ್. ಕ್ರ್ಯಾಶ್ ಆದ ಸಮಯಕ್ಕೆ ಸರಿಯಾಗಿ ಕೆಂಪು ಗುರುತಿನ ಸಾಲೊಂದು ಇರುತ್ತದೆ, ಈವೆಂಟ್ ಐಡಿ 1000. ಅದನ್ನು ಒತ್ತಿದರೆ ‘ಫಾಲ್ಟಿಂಗ್ ಅಪ್ಲಿಕೇಷನ್ ನೇಮ್’ ಅಂತ ಒಂದು ಸಾಲು, ಅದರ ಕೆಳಗೆ ‘ಫಾಲ್ಟಿಂಗ್ ಮಾಡ್ಯೂಲ್ ನೇಮ್’ ಅಂತ ಇನ್ನೊಂದು. ಮೇಲಿನದು ಬಿದ್ದವನ ಹೆಸರು, ಕೆಳಗಿನದು ಸಾಮಾನ್ಯವಾಗಿ ಬೀಳಿಸಿದವನ ಹೆಸರು. ಕೆಳಗೆ ‘ಎನ್‌ಟಿಡಿಎಲ್‌ಎಲ್’ ಅಂತಿದ್ದರೆ ಹೆಚ್ಚೇನೂ ತಿಳಿಯುವುದಿಲ್ಲ, ಅದು ವಿಂಡೋಸ್‌ನದೇ ಮೂಲ ಫೈಲು. ನನ್ನಲ್ಲಿ ಇದ್ದದ್ದು ಸಿನಿಮಾ ನೋಡಲೆಂದು ಯಾವಾಗಲೋ ಹಾಕಿದ್ದ ಕೊಡೆಕ್ ಪ್ಯಾಕಿನ (ಹಾಡು, ವಿಡಿಯೊ ಫೈಲುಗಳನ್ನು ಬಿಚ್ಚಿ ನುಡಿಸುವ ತುಣುಕುಗಳ ಕಟ್ಟು) ಒಂದು ಫೈಲು.

ಅದಕ್ಕೂ ಬರ್ನಿಂಗ್‌ಗೂ ಏನು ಸಂಬಂಧ ಅನ್ನಿಸಬಹುದು. ಎಂಪಿ3ಯನ್ನು ಆಡಿಯೊ ಸಿಡಿಗೆ ಬರೆಯಬೇಕಾದರೆ ಮೊದಲು ಬಿಚ್ಚಬೇಕು. ಬಿಚ್ಚಲು ಎಷ್ಟೋ ಪ್ರೋಗ್ರಾಂಗಳು ವಿಂಡೋಸ್‌ನ ಡೈರೆಕ್ಟ್‌ಶೋ ಮೂಲಕ ಕಂಪ್ಯೂಟರಿನಲ್ಲಿರುವ ಕೊಡೆಕ್‌ಗಳನ್ನೇ ಕರೆಯುತ್ತವೆ. ಕೊಡೆಕ್ ಕೆಲಸ ಮಾಡುವುದು ಕರೆದ ಪ್ರೋಗ್ರಾಂನ ಒಳಗೇ ಕೂತು. ಅದು ಎಡವಿದರೆ ಇಡೀ ಪ್ರೋಗ್ರಾಂ ಬೀಳುತ್ತದೆ. ಪ್ಯಾಕನ್ನು ತೆಗೆದುಹಾಕಿದ ಮೇಲೆ ಹಾಡು ಸೇರಿಸುವಾಗಿನ ಕ್ರ್ಯಾಶ್ ನಿಂತಿತು.

ಆದರೆ ಬರ್ನ್ ಒತ್ತಿದ ಕೂಡಲೇ ಹ್ಯಾಂಗ್ ಆಗುವುದು ನಿಲ್ಲಲಿಲ್ಲ. ಅದರ ಬೇರು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡುವ ರಿಜಿಸ್ಟ್ರಿಯಲ್ಲಿತ್ತು. ಬರ್ನಿಂಗ್ ಪ್ಯಾಕೇಜುಗಳು ಡ್ರೈವ್‌ಗೂ ವಿಂಡೋಸ್‌ಗೂ ನಡುವೆ ಫಿಲ್ಟರ್ ಡ್ರೈವರ್ ಅನ್ನುವ ಒಂದು ತುಣುಕನ್ನು ಕೂರಿಸುವುದುಂಟು. ಆಪಲ್‌ನ ಹಾಡು ಕೇಳುವ ಪ್ರೋಗ್ರಾಂ ಐಟ್ಯೂನ್ಸ್ ಕೂಡ ಕೂರಿಸುತ್ತಿತ್ತು. ಎರಡು ಮೂರು ಸೇರಿಕೊಂಡಾಗ ಒಂದಕ್ಕೊಂದು ಅಡ್ಡ ಬರುತ್ತವೆ. ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಿದರೂ ಕೆಲವೊಮ್ಮೆ ಈ ತುಣುಕು ಉಳಿದುಬಿಡುತ್ತದೆ. ರಿಜಿಸ್ಟ್ರಿಯಲ್ಲಿ ಸಿಡಿ-ಡಿವಿಡಿ ಡ್ರೈವ್‌ಗಳ ವಿಭಾಗದಲ್ಲಿ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಅನ್ನುವ ಎರಡು ಬರಹ ಹುಡುಕಿ ಅಳಿಸಿ, ರೀಸ್ಟಾರ್ಟ್ ಮಾಡಬೇಕು. ಅಳಿಸುವ ಮುಂಚೆ ರಿಜಿಸ್ಟ್ರಿಯ ಆ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ, ಇದನ್ನು ಮಾತ್ರ ಬಿಡಬೇಡಿ. ಹೆಸರು ಸರಿಯಾಗಿ ಅವೆರಡೇ ಇರಬೇಕು. ಪಕ್ಕದಲ್ಲಿ ‘ಬ್ಯಾಕ್’ (.bak) ಅಂತ ಕೊನೆಯಾಗುವ ಹೆಸರು ಕಂಡರೆ ಮುಟ್ಟಬೇಡಿ. ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್ ಮೇಲೆ ಹಳದಿ ಗುರುತು, ಕೋಡ್ 19 ಅಥವಾ 39 ಬಂದಿದ್ದರೂ ಸಾಮಾನ್ಯವಾಗಿ ಇದೇ ಮದ್ದು.

ಈ ಎರಡೂ ರಿಪೇರಿ ಆದ ಮೇಲೆ ಪ್ಯಾಕೇಜು ಓಡಿತು. ಆದರೂ ನಾನು ಅದನ್ನು ಇಟ್ಟುಕೊಳ್ಳಲಿಲ್ಲ. ಫೋಟೊ, ವಿಡಿಯೊ, ಲೇಬಲ್ ಅಂತ ಹತ್ತು ಕೆಲಸ ಮೈಮೇಲೆ ಹಾಕಿಕೊಂಡ ಪ್ರೋಗ್ರಾಂಗೆ ಕೆಡುವ ಜಾಗಗಳೂ ಜಾಸ್ತಿ.

ವಿಂಡೋಸ್ ಒಳಗೇ ಇರುವ ಬರ್ನಿಂಗ್‌ಗೆ ಇನ್‌ಸ್ಟಾಲ್ ಮಾಡುವ ಗೊಡವೆ ಇಲ್ಲ. ವಿಂಡೋಸ್ 7ರಿಂದ ಈಚೆಗೆ ಐಎಸ್‌ಒ ಫೈಲಿನ (ಇಡೀ ಡಿಸ್ಕಿನ ನಕಲು ಒಂದೇ ಫೈಲಾಗಿ ಇರುವುದು) ಮೇಲೆ ರೈಟ್ ಕ್ಲಿಕ್ ಮಾಡಿದರೆ ಬರ್ನ್ ಆಯ್ಕೆ ಸಿಗುತ್ತದೆ, ಅಷ್ಟಕ್ಕೆ ಸಾಕು. ಬ್ಲಾಂಕ್ ಡಿಸ್ಕ್ ಹಾಕಿದಾಗ ಅದು ಕೇಳುವ ಪ್ರಶ್ನೆಗೆ ಮಾತ್ರ ಎಚ್ಚರದಿಂದ ಉತ್ತರಿಸಿ. ‘ಪೆನ್‌ಡ್ರೈವ್ ಥರ’ ಅನ್ನುವುದನ್ನು ಆರಿಸಿದರೆ ಆ ಡಿಸ್ಕನ್ನು ಹಳೆಯ ಡಿವಿಡಿ ಪ್ಲೇಯರ್ ಓದುವುದಿಲ್ಲ. ‘ಸಿಡಿ/ಡಿವಿಡಿ ಪ್ಲೇಯರ್ ಜೊತೆ’ ಅನ್ನುವುದೇ ಬೇಕು. ಇದು ಫೈಲುಗಳನ್ನು ಮೊದಲು ಸಿ ಡ್ರೈವ್‌ಗೆ ಕಾಪಿ ಮಾಡಿಕೊಂಡು ಆಮೇಲೆ ಬರೆಯುತ್ತದೆ. ಸಿ ಡ್ರೈವ್ ತುಂಬಿದ್ದರೆ ಅರ್ಧಕ್ಕೇ ನಿಲ್ಲುತ್ತದೆ. ಡಿವಿಡಿ ಮೇಲೆ 4.7 ಜಿಬಿ ಅಂತ ಬರೆದಿದ್ದರೂ ವಿಂಡೋಸ್ ಲೆಕ್ಕದಲ್ಲಿ ಅದು ಸುಮಾರು 4.38 ಜಿಬಿ ಅಷ್ಟೇ. ಕೆಟ್ಟಾಗ ಒಂದು ಸಾಲಿನ ಸಂದೇಶ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ನನ್ನ ಪ್ರಶ್ನೆಗೆ ಇದರ ಹತ್ತಿರ ಉತ್ತರ ಇಲ್ಲ.

ಸಿಡಿಬರ್ನರ್‌ಎಕ್ಸ್‌ಪಿ ಉಚಿತ. ಹೆಸರಲ್ಲಿ ಎಕ್ಸ್‌ಪಿ ಇದ್ದರೂ ವಿಂಡೋಸ್ 10ರಲ್ಲಿ ಓಡುತ್ತದೆ. ಆಡಿಯೊ ಸಿಡಿಗೆ ನನಗೆ ಇದೇ ಇಷ್ಟ. ಹಾಡು ಎಳೆದು ಹಾಕಿ, ಹಿಂದೆ ಮುಂದೆ ಮಾಡಿ, ಟ್ರ್ಯಾಕ್‌ಗಳ ನಡುವಿನ ಖಾಲಿ ಜಾಗ ತೆಗೆದರೆ ಮುಗಿಯಿತು. ಹರಿಕಥೆಗೆ ಆ ಖಾಲಿ ಜಾಗ ತೆಗೆಯಲೇಬೇಕು, ಅಲ್ವಾ? ದಾಸರು ಪದ ಎತ್ತುವಾಗ ನಡುವೆ ಎರಡು ಸೆಕೆಂಡು ಮೌನ ಬಂದರೆ ಕೇಳುವವರಿಗೆ ಕಸಿವಿಸಿ. ಈ ಪ್ರೋಗ್ರಾಂ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಮೇಲೆ ನಿಂತಿದೆ; ಅದು ಬೇರೆ ಪ್ರೋಗ್ರಾಂಗಳು ಓಡಲು ಬೇಕಾದ ತಳಪಾಯ. ಹಾಗಾಗಿ ತೆರೆದ ಕೂಡಲೇ ಮುಚ್ಚಿಕೊಂಡರೆ ಪ್ರೋಗ್ರಾಂ ಅನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವ ಬದಲು ಡಾಟ್‌ನೆಟ್ ಸರಿಯಾಗಿದೆಯಾ ಅಂತ ಮೊದಲು ನೋಡಿ.

ಇನ್ನು ಇಮ್ಗ್‌ಬರ್ನ್. 2013ರ 2.5.8 ಆವೃತ್ತಿಯೇ ಕೊನೆಯದು. ಮುಖ ಹಳೆಯದು. ಎಂಪಿ3ಯಿಂದ ಆಡಿಯೊ ಸಿಡಿ ಮಾಡಬೇಕಾದರೆ ಮೊದಲು ಕ್ಯೂ ಫೈಲು, ಅಂದರೆ ಯಾವ ಹಾಡು ಯಾವ ಕ್ರಮದಲ್ಲಿ ಅನ್ನುವ ಪಟ್ಟಿ, ಕಟ್ಟಿಕೊಳ್ಳಬೇಕು, ಅದು ಕಿರಿಕಿರಿ. ಅದರ ಇನ್‌ಸ್ಟಾಲರ್ ಜೊತೆ ಜಾಹೀರಾತು ತರುವ ಓಪನ್‌ಕ್ಯಾಂಡಿ ಬರುತ್ತಿತ್ತು, ಆದ್ದರಿಂದ ಸುಮ್ನೆ ನೆಕ್ಸ್ಟ್ ಒತ್ತುತ್ತಾ ಹೋಗದೆ ಪ್ರತಿ ಪುಟವನ್ನೂ ಓದಿ. ಇಷ್ಟೆಲ್ಲ ಇದ್ದರೂ ನಾನು ಇದನ್ನೇ ಮೊದಲ ಸ್ಥಾನದಲ್ಲಿ ಇಡುತ್ತೇನೆ. ಕಾರಣ ಅದರ ಲಾಗ್ ಕಿಟಕಿ. ಒಂದೊಂದು ಹೆಜ್ಜೆಯನ್ನೂ ಸಮಯದ ಸಮೇತ ಬರೆಯುತ್ತಾ ಹೋಗುತ್ತದೆ. ಕೆಟ್ಟಾಗ ಓಡಿಹೋಗುವುದಿಲ್ಲ, ಡ್ರೈವ್ ಏನು ಹೇಳಿತೋ ಅದನ್ನೇ ತೋರಿಸುತ್ತದೆ.

‘ಪವರ್ ಕ್ಯಾಲಿಬ್ರೇಷನ್ ಏರಿಯಾ ಎರರ್’ ಅಂತ ಬಂತು ಅಂದುಕೊಳ್ಳಿ. ಬರೆಯುವ ಮುಂಚೆ ಲೇಸರ್ ಡಿಸ್ಕಿನ ಒಳ ಅಂಚಿನಲ್ಲಿ ತನ್ನ ಶಕ್ತಿ ಎಷ್ಟಿರಬೇಕು ಅಂತ ಪರೀಕ್ಷೆ ಮಾಡುತ್ತದೆ. ಅದು ಸೋತಿದೆ ಅಂತ ಅರ್ಥ. ಆಗ ಪ್ರೋಗ್ರಾಂ ಬದಲಿಸಿ ಪ್ರಯೋಜನ ಇಲ್ಲ. ಬೇರೆ ಕಂಪನಿಯ ಡಿಸ್ಕ್ ಹಾಕಿ, ವೇಗ ಬದಲಿಸಿ, ಇಲ್ಲವೇ ಲೆನ್ಸ್ ಕೊಳೆಯಾಗಿದೆಯಾ ನೋಡಿ. ‘ಸೆಮಫೋರ್ ಟೈಮ್‌ಔಟ್’ ಅಂತ ಬಂದರೆ ಕೇಳಿದ್ದಕ್ಕೆ ಡ್ರೈವ್ ಉತ್ತರವನ್ನೇ ಕೊಡುತ್ತಿಲ್ಲ. ಅನುಮಾನ ಕೇಬಲ್ ಮೇಲೆ, ಅಥವಾ ಯುಎಸ್‌ಬಿ ಪೆಟ್ಟಿಗೆಯ ಮೇಲೆ. ಇದೇ ತೊಂದರೆಗಳಿಗೆ ಬೇರೆ ಪ್ರೋಗ್ರಾಂ ‘ನಾಟ್ ರೆಸ್ಪಾಂಡಿಂಗ್’ ಅಂತ ಬಿಳಿಚಿಕೊಂಡು ನಿಲ್ಲಬಹುದು. ನಾವು ಅದನ್ನು ಕ್ರ್ಯಾಶ್ ಅಂತೇವೆ.

ಮದುವೆ ಡಿವಿಡಿಗೂ ಇಮ್ಗ್‌ಬರ್ನ್ ಒಳ್ಳೆಯದು. ಡಿವಿಡಿ ಪ್ಲೇಯರ್‌ಗೆ ಬೇಕಾದ ವಿಡಿಯೊ ಫೈಲುಗಳಿರುವ ವಿಡಿಯೊ_ಟಿಎಸ್ ಫೋಲ್ಡರ್ ಕೊಟ್ಟರೆ ಗುರುತು ಹಿಡಿದು, ಪ್ಲೇಯರ್‌ಗೆ ಬೇಕಾದ ಸೆಟ್ಟಿಂಗ್ ಹಾಕಲಾ ಅಂತ ತಾನೇ ಕೇಳುತ್ತದೆ. ಬರೆದು ಮುಗಿದ ಮೇಲೆ ಓದಿ ತಾಳೆ ನೋಡುವ ವೆರಿಫೈ ಗುರುತನ್ನು ತೆಗೆಯಬೇಡಿ. ಬರೆದಷ್ಟೇ ಹೊತ್ತು ಹಿಡಿದರೂ ಕಾಯಿರಿ.

ಕನ್ನಡ ಹೆಸರಿನ ಫೈಲುಗಳದ್ದು ಬೇರೆಯೇ ತಕರಾರು. ಹಳೆಯ ಪ್ರೋಗ್ರಾಂಗಳಲ್ಲಿ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗ ಕೊಡುವ ಪದ್ಧತಿ) ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳು. ಯೂನಿಕೋಡ್ ಇದ್ದರೂ ಜೋಲಿಯೆಟ್ ಅನ್ನುವ ಡಿಸ್ಕ್ ಪದ್ಧತಿಯಲ್ಲಿ ಹೆಸರಿಗೆ 64 ಚಿಹ್ನೆಗಳ ಮಿತಿ ಇದೆ. ‘ಗಜೇಂದ್ರ ಮೋಕ್ಷ’ ನಮ್ಮ ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರ್ ಏತ್ವ, ಸೊನ್ನೆ, ಒತ್ತು ಎಲ್ಲವನ್ನೂ ಬಿಡಿಸಿ ಎಣಿಸುತ್ತದೆ: ನಡುವಿನ ಜಾಗವೂ ಸೇರಿ 13. ಇದರ ಮುಂದೆ ದಾಸರ ಹೆಸರು, ಊರು, ಭಾಗ ಎಲ್ಲ ಸೇರಿಸಿದರೆ ಮಿತಿ ಬೇಗ ಮುಟ್ಟುತ್ತದೆ, ಬಾಲ ಕತ್ತರಿಸಿಹೋಗುತ್ತದೆ. ನಾನು ಫೈಲಿಗೆ ಚಿಕ್ಕ ಹೆಸರಿಟ್ಟು, ಪೂರ್ತಿ ವಿವರವನ್ನು ಅದೇ ಡಿಸ್ಕಿನಲ್ಲಿ ಒಂದು ಪಠ್ಯ ಫೈಲಾಗಿ ಹಾಕುತ್ತೇನೆ.

ಕೊನೆಯದು ಕೆ3ಬಿ, ವಿಂಡೋಸ್ ಬದಲು ಬಳಸುವ ಲಿನಕ್ಸ್‌ನ ಬರ್ನಿಂಗ್ ಪ್ರೋಗ್ರಾಂ. ಇದನ್ನು ದಿನದ ಬಳಕೆಗೆ ಅಂತ ಹೇಳುತ್ತಿಲ್ಲ, ಲಿನಕ್ಸ್ ಬಳಸುವವರಿಗೆ ಅದು ಗೊತ್ತೇ ಇರುತ್ತದೆ. ವಿಂಡೋಸ್ ಬಳಸುವವರಿಗೆ ಇದು ಒಳ್ಳೆಯ ಪರೀಕ್ಷೆ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಕೆ3ಬಿ ಹಾಕಿಕೊಂಡು ಅದೇ ರೈಟರ್‌ನಲ್ಲಿ ಅದೇ ಕಂಪನಿಯ ಡಿಸ್ಕ್ ಬರೆಯಿರಿ. ಅಲ್ಲಿ ವಿಂಡೋಸ್‌ನ ಫಿಲ್ಟರೂ ಇಲ್ಲ, ಕೊಡೆಕ್ಕೂ ಇಲ್ಲ. ಅಲ್ಲಿ ಸರಿಯಾಗಿ ಬರೆದರೆ ತೊಂದರೆ ವಿಂಡೋಸ್ ಕಡೆ. ಅಲ್ಲೂ ಕೆಟ್ಟರೆ ಡ್ರೈವ್, ಕೇಬಲ್, ಡಿಸ್ಕ್ ಇವುಗಳಲ್ಲೊಂದು. ನನ್ನ ಪೆಟ್ಟಿಗೆಯಲ್ಲಿ ಸಲೀಸಾಗಿ ಬರೆಯಿತು. ಅಕ್ಕನ ಮನೆಯ ಲ್ಯಾಪ್‌ಟಾಪಿಗೆ ಹಚ್ಚಿದ್ದ ತೆಳ್ಳನೆಯ ಹೊರಗಿನ ರೈಟರ್ ಅಲ್ಲೂ ನಿಂತುಹೋಯಿತು. ಯುಎಸ್‌ಬಿ 2 ಪೋರ್ಟ್ 500 ಮಿಲಿಆಂಪ್ ಕೊಡಬೇಕಾದದ್ದು; ಬರೆಯುವಾಗ ಇಂಥ ರೈಟರ್‌ಗಳು ಅದಕ್ಕಿಂತ ಜಾಸ್ತಿ ಎಳೆಯಬಹುದು. ಎರಡು ತಲೆಯ ಕೇಬಲ್ ತಂದು ಎರಡು ಪೋರ್ಟ್‌ಗೆ ಚುಚ್ಚಿದ ಮೇಲೆ ಎರಡೂ ಕಡೆ ಬರೆಯತೊಡಗಿತು.

ಈಗ ನನ್ನ ಕಂಪ್ಯೂಟರಿನಲ್ಲಿ ಹರಿಕಥೆಗೆ ಸಿಡಿಬರ್ನರ್‌ಎಕ್ಸ್‌ಪಿ, ಉಳಿದದ್ದಕ್ಕೆಲ್ಲ ಇಮ್ಗ್‌ಬರ್ನ್. ಒಂದೇ ಒಂದು ಪ್ರೋಗ್ರಾಂ ಇಟ್ಟುಕೊಳ್ಳಬೇಕು ಅನ್ನುವವರಿಗೆ ಇಮ್ಗ್‌ಬರ್ನ್ ಹೇಳುತ್ತೇನೆ, ಕ್ಯೂ ಫೈಲಿನ ಕಿರಿಕಿರಿ ಸಹಿಸಿಕೊಂಡಾದರೂ. ದೊಡ್ಡ ಪ್ಯಾಕೇಜು ಬಳಸುವುದೇ ಆದರೆ ಅಂಥದ್ದು ಒಂದೇ ಇರಲಿ. ಹೊಸದು ಹಾಕುವ ಮುಂಚೆ ಹಳೆಯದನ್ನು ತೆಗೆದು, ರೀಸ್ಟಾರ್ಟ್ ಮಾಡಿ, ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್ ಹಳದಿ ಗುರುತಿಲ್ಲದೆ ಕಾಣುತ್ತಿದೆಯಾ ಅಂತ ನೋಡಿಕೊಳ್ಳಿ.