ಹಾರ್ಡ್‌ಟ್ಯಾಕ್ ಕಟರ್: ಮುಳ್ಳು ಗಿಡ್ಡ, ಕೆಲಸ ಪರವಾಗಿಲ್ಲ

ಹಾರ್ಡ್‌ಟ್ಯಾಕ್ ಅಂದರೆ ಬಹುಕಾಲ ಕೆಡದಂತೆ ಒಣಗಿಸಿಡುವ ಗಟ್ಟಿ ಬಿಸ್ಕತ್ತು. ಮೈದಾ, ನೀರು, ಉಪ್ಪು. ಅಷ್ಟೇ. ಇಷ್ಟು ಬಡ ಬಿಸ್ಕತ್ತಿಗೆ ಬೇರೆ ಕಟರ್ ಯಾಕೆ ಅಂತ ಕೇಳುವವರಲ್ಲಿ ನಾನೂ ಒಬ್ಬಳು. ಆದರೆ ಗಟ್ಟಿ ಹಿಟ್ಟಿಗೆ ಕಡ್ಡಿ ಹಿಡಿದು ಒಂದೊಂದೇ ತೂತು ಚುಚ್ಚುತ್ತಾ ಕೂತರೆ, ಒಂದು ಟ್ರೇ ಮುಗಿಯುವಷ್ಟರಲ್ಲಿ ಬೆರಳ ತುದಿ ಉರಿಯುತ್ತದೆ. ಅದಕ್ಕೇ ಈ ಸ್ಟೀಲ್ ಕಟರ್ ತರಿಸಿದ್ದು.

ಮೂರು ಇಂಚಿನ ಚೌಕ. ಒಳಗೆ ನಾಲ್ಕು ಸಾಲು, ಸಾಲಿಗೆ ನಾಲ್ಕು ಮುಳ್ಳು, ಮೇಲೆ ಮರದ ಹಿಡಿ. ಮುಳ್ಳುಗಳ ಮಧ್ಯೆ ತೂತಿರುವ ಒಂದು ತೆಳು ತಟ್ಟೆ, ಅದರ ಹಿಂದೆ ಸ್ಪ್ರಿಂಗ್. ಒತ್ತಿ ಎತ್ತಿದರೆ ತಟ್ಟೆಯೇ ಹಿಟ್ಟನ್ನು ಕೆಳಗೆ ತಳ್ಳುತ್ತದೆ. ಅಳತೆ ಸುಮ್ನೆ ಇಟ್ಟದ್ದಲ್ಲ. 1861ರಿಂದ 65ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಿಗೆ ಕೊಡುತ್ತಿದ್ದ ಬಿಸ್ಕತ್ತೂ ಹೆಚ್ಚುಕಡಿಮೆ ಮೂರು ಇಂಚಿನ ಚೌಕ, ಅರ್ಧ ಇಂಚು ದಪ್ಪ. ಚೌಕ ಆಗಿರುವುದರಿಂದ ಹಿಟ್ಟು ಜಾಸ್ತಿ ದಂಡವಾಗುವುದಿಲ್ಲ, ಡಬ್ಬಿಯಲ್ಲೂ ಒತ್ತಾಗಿ ಜೋಡಿಸಬಹುದು. ಅಂಚು ಚೂಪಾಗಿದೆ, ಒಂದೇ ಒತ್ತಿಗೆ ನೀಟಾಗಿ ಕತ್ತರಿಸುತ್ತದೆ. ಇಲ್ಲಿಯವರೆಗೆ ದೂರಿಲ್ಲ.

ಎಡವಟ್ಟು ಇರುವುದು ಮುಳ್ಳಿನಲ್ಲಿ. ಸ್ಕೇಲ್ ಇಟ್ಟು ನೋಡಿದೆ, ಬರೀ 9 ಮಿಲಿಮೀಟರ್. ಅರ್ಧ ಇಂಚು ಅಂದರೆ ಸುಮಾರು 13 ಮಿಲಿಮೀಟರ್ ಅಲ್ವಾ? ಹಾಗಾಗಿ ತೂತು ತಳ ಮುಟ್ಟುವುದೇ ಇಲ್ಲ. ತೂತು ಇರುವುದು ಚೆಂದಕ್ಕಲ್ಲ, ಒಳಗಿನ ಹಬೆ ಹೊರಗೆ ಹೋಗಲಿಕ್ಕೆ. ಅದಕ್ಕೆ ದಾರಿ ಸಿಗದಿದ್ದರೆ ಬಿಸ್ಕತ್ತು ನಡುವೆ ಉಬ್ಬಿ ಎರಡು ಪದರವಾಗುತ್ತದೆ. ಹಾಗೆ ಉಬ್ಬಿದ ಒಂದನ್ನು ಮುರಿದು ನೋಡಿದೆ. ಮೇಲ್ಭಾಗ ಬಿಳಿ, ಪುಡಿಪುಡಿ. ತೂತು ನಿಂತ ಜಾಗದ ಕೆಳಗೆ ಮಾತ್ರ ಬೂದು ಬಣ್ಣದ ಒಂದು ಪಟ್ಟಿ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಬೂಸ್ಟು ಹಿಡಿಯಲು ಅಷ್ಟು ತೇವ ಸಾಕು.

ಈಗ ನಾನು ಹಿಟ್ಟನ್ನು 8 ಮಿಲಿಮೀಟರ್ ದಪ್ಪಕ್ಕೇ ಲಟ್ಟಿಸುತ್ತೇನೆ. ಆ ದಪ್ಪದ ಎರಡು ಮರದ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಅವುಗಳ ಮೇಲೆ ಲಟ್ಟಣಿಗೆ ಓಡಿಸಿದರೆ ಎಲ್ಲಾ ಕಡೆ ಒಂದೇ ಸಮ. ಮುಳ್ಳು ಆರಪಾರ ಹೋಗುತ್ತದೆ, ಬೇಗ ಒಣಗುತ್ತದೆ ಕೂಡ. ಆದರೂ ಹಾರ್ಡ್‌ಟ್ಯಾಕ್‌ಗೆ ಅಂತಲೇ ಮಾರುವ ಸಾಮಾನಿಗೆ ಹಾರ್ಡ್‌ಟ್ಯಾಕ್‌ನ ದಪ್ಪ ಗೊತ್ತಿರಬಾರದಾ?

ಹಿಟ್ಟಿನ ಹದದ ವಿಷಯದಲ್ಲಿ ಈ ಕಟರ್ ಸ್ವಲ್ಪ ಹಟಮಾರಿ. ಹಿಟ್ಟು ಮೆತ್ತಗಿದ್ದರೆ ತಟ್ಟೆಗೆ ಅಂಟಿಕೊಂಡು ಸ್ಪ್ರಿಂಗ್ ಕೆಲಸ ಮಾಡುವುದಿಲ್ಲ. 500 ಗ್ರಾಂ ಮೈದಾಕ್ಕೆ 210 ಮಿಲಿಲೀಟರ್ ನೀರು, ಒಂದು ಚಮಚ ಉಪ್ಪು. ಮೊದಮೊದಲು ಒಂದುಗೂಡುವುದೇ ಇಲ್ಲ ಅನ್ನಿಸುತ್ತದೆ. ನೀರು ಸೇರಿಸದೆ ನಾದುತ್ತಲೇ ಇರಿ. ಆಮೇಲೆ ಮುಚ್ಚಿ ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಲಟ್ಟಿಸಿದಷ್ಟೂ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಪೆಟ್ಟಿಗೆಯೊಳಗೆ ಒಂದು ಚೀಟಿ ಬರುತ್ತದೆ. ಅದನ್ನು ಓದಿ ನಗು ಬಂತು. ಇದರಲ್ಲಿ ಮಾಡಿದ ಬಿಸ್ಕತ್ತು ವರ್ಷಗಟ್ಟಲೆ ಕೆಡುವುದಿಲ್ಲವಂತೆ, ಅದರ ಕೆಳಗೇ ಬೆಣ್ಣೆ ಹಾಕಿದ ಗೋಧಿ ಹಿಟ್ಟಿನ ಅಳತೆ! ಬೆಣ್ಣೆ ಹಾಕಿದರೆ ತಿಂಗಳುಗಳಲ್ಲೇ ಕಮಟು ವಾಸನೆ ಬರುತ್ತದೆ. ಇಡೀ ಗೋಧಿಯ ಹಿಟ್ಟಿಗೂ ಅದೇ ಗತಿ, ಕಾಳಿನ ಮೊಳಕೆ ಭಾಗದಲ್ಲಿ ಎಣ್ಣೆ ಇರುತ್ತದೆ. ಮೈದಾ ಬಳಸುವುದು ಅದಕ್ಕೇ. ಲಂಡನ್ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ 1784ರ ಹಡಗಿನ ಬಿಸ್ಕತ್ತು, ಅಂದರೆ ನಾವಿಕರ ಹಾರ್ಡ್‌ಟ್ಯಾಕ್, ಇವತ್ತಿಗೂ ಇದೆ. ತಿನ್ನಲಿಕ್ಕಲ್ಲ ಬಿಡಿ, ಆದರೆ ಇದೆ.

ಅಷ್ಟು ಬಾಳಿಕೆ ಬರುವುದು ಒಣಗಿಸುವುದರಿಂದ, ಕಟರ್‌ನಿಂದ ಅಲ್ಲ. 190 ಡಿಗ್ರಿಯಲ್ಲಿ ಒಂದೊಂದು ಮಗ್ಗುಲು ಅರ್ಧ ಗಂಟೆ ಬೇಯಿಸುತ್ತೇನೆ. ಆಮೇಲೆ 100 ಡಿಗ್ರಿಗೆ ಇಳಿಸಿ, ಓವನ್ ಬಾಗಿಲು ಒಂದು ಬೆರಳಷ್ಟು ತೆರೆದಿಟ್ಟು ಗಂಟೆಗಟ್ಟಲೆ ಬಿಡುತ್ತೇನೆ. ಎಷ್ಟು ಗಂಟೆ ಅಂತ ಗಡಿಯಾರ ನೋಡಬೇಡಿ, ತೂಕ ನೋಡಿ. ಮೈದಾದಲ್ಲೇ ನೂರಕ್ಕೆ 12ರಿಂದ 14 ಭಾಗ ನೀರಿರುತ್ತದೆ. ಹಾಕಿದ ನೀರಿನ ಜೊತೆ ಇದರಲ್ಲೂ ಬಹುಪಾಲು ಹೋಗಬೇಕು. ಅಂದರೆ 500 ಗ್ರಾಂ ಮೈದಾದಿಂದ ಮಾಡಿದ ಬಿಸ್ಕತ್ತೆಲ್ಲಾ ಸೇರಿ 500 ಗ್ರಾಂಗಿಂತ ಕಮ್ಮಿ ತೂಗಬೇಕು! ನನಗೆ ಸಾಮಾನ್ಯವಾಗಿ 460ರ ಆಸುಪಾಸು ಬಂದು ನಿಲ್ಲುತ್ತದೆ. ತೂಕ ಇನ್ನು ಇಳಿಯದೆ ನಿಂತ ಮೇಲೆ ಓವನ್ ಆರಿಸಿ. ಪೂರ್ತಿ ತಣ್ಣಗಾದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ. ಬಿಸಿ ಇದ್ದಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಬೆವರುತ್ತದೆ.

ರುಚಿ? ಏನಿಲ್ಲ. ನೇರವಾಗಿ ಕಚ್ಚಬೇಡಿ, ಹಲ್ಲು ಹೋದರೆ ನಾನು ಜವಾಬ್ದಾರಳಲ್ಲ. ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದು ಬಿಸಿ ಕಾಫಿಯಲ್ಲಿ ನೆನೆಸಿ. ಅಂತರ್ಯುದ್ಧದ ಆ ಸೈನಿಕರೂ ಹಾಗೇ ತಿನ್ನುತ್ತಿದ್ದರು, ಒಳಗಿದ್ದ ಹುಳು ಕಾಫಿಯಲ್ಲಿ ಮೇಲೆ ತೇಲಿದರೆ ತೆಗೆದು ಹಾಕುತ್ತಿದ್ದರಂತೆ. ನೀರಿನಲ್ಲಿ ನೆನೆಸಿ ಹಂದಿ ಕೊಬ್ಬಿನಲ್ಲಿ ಹುರಿಯುವುದೂ ಇತ್ತು. ನಾನು ಬೆಣ್ಣೆಯಲ್ಲಿ ಹುರಿದೆ, ಚೆನ್ನಾಗಿತ್ತು. ಬೆಣ್ಣೆಯ ಜಾಗ ಅಲ್ಲಿ, ಹಿಟ್ಟಿನಲ್ಲಲ್ಲ.

ತೊಳೆಯುವುದು ರಗಳೆ. ಮುಳ್ಳಿನ ಬುಡದಲ್ಲಿ ಹಿಟ್ಟು ಸಿಕ್ಕಿಕೊಂಡು ಒಣಗಿದರೆ ಕಲ್ಲು. ಕೆಲಸ ಮುಗಿದ ಕೂಡಲೇ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ಒರೆಸಿ. ನೀರಿನಲ್ಲಿ ನೆನೆಹಾಕಬೇಡಿ, ಮರದ ಹಿಡಿ ಸಡಿಲವಾಗುತ್ತದೆ, ಸ್ಪ್ರಿಂಗ್‌ಗೆ ತುಕ್ಕು ಬರುತ್ತದೆ.

ಐದಕ್ಕೆ ಮೂರು ಕೊಡುತ್ತೇನೆ. ವರ್ಷಕ್ಕೊಮ್ಮೆ ನಾಲ್ಕು ಬಿಸ್ಕತ್ತು ಮಾಡುವವರಿಗೆ ಚಾಕು ಮತ್ತು ಕಡ್ಡಿ ಧಾರಾಳ ಸಾಕು. ಡಬ್ಬಿಗಟ್ಟಲೆ ಮಾಡಿಡುವವರು ತಗೊಳ್ಳಬಹುದು, ಆದರೆ ಮುಳ್ಳಿನ ಉದ್ದ ಎಷ್ಟು ಅಂತ ಮೊದಲೇ ಕೇಳಿ. 14 ಮಿಲಿಮೀಟರ್ ಇರುವುದು ಸಿಕ್ಕರೆ ಇದನ್ನು ಬಿಟ್ಟು ಅದನ್ನೇ ಕೊಳ್ಳಿ.