ಎರಡನೇ ಫೋನಾಗಿ ನೋಕಿಯಾ 105

ಬ್ಯಾಂಕಿಗೆ ಕೊಟ್ಟ ನಂಬರನ್ನು ಸ್ಮಾರ್ಟ್‌ಫೋನಿನಿಂದ ದೂರ ಇಡಬೇಕು ಅನ್ನುವವರಿಗೆ ಈ ಕೀಪ್ಯಾಡ್ ಫೋನ್ ಒಳ್ಳೆಯ ಆಯ್ಕೆ. ಮದುವೆ ಕರೆಯೋಲೆ ಅಂತ ವಾಟ್ಸಾಪಿನಲ್ಲಿ ಬರುವ ಕಳ್ಳ ಎಪಿಕೆ ಫೈಲು (ಆಂಡ್ರಾಯ್ಡ್ ಆ್ಯಪ್ ಹಾಕುವ ಫೈಲು) ಇನ್‌ಸ್ಟಾಲ್ ಆದರೆ ಸ್ಮಾರ್ಟ್‌ಫೋನಿನ ಒಟಿಪಿ ಮೆಸೇಜನ್ನು ಓದಬಲ್ಲದು; ಒಟಿಪಿ ಬೇರೆ ಫೋನಿಗೆ ಹೋದರೆ ಅದರ ಕೈಗೆ ಸಿಗುವುದಿಲ್ಲ.

2023ರ ಮಾಡೆಲ್‌ನಲ್ಲಿ 1000 ಎಂಎಎಚ್ ಬ್ಯಾಟರಿ. ಡೇಟಾ ಓಡದ ಕಾರಣ ಚಾರ್ಜು ದಿನಗಟ್ಟಲೆ ನಿಲ್ಲುತ್ತದೆ.

ಎಡವುವುದು ಸಿಮ್ಮಿನಲ್ಲಿ. ಇದು 2ಜಿ ಫೋನು. ಜಿಯೋ ನೆಟ್‌ವರ್ಕಿನಲ್ಲಿ 2ಜಿ ಇಲ್ಲವೇ ಇಲ್ಲ, ಆ ಸಿಮ್ ಹಾಕಿದರೆ ಸಿಗ್ನಲ್ ಬರುವುದಿಲ್ಲ. ಜಿಯೋ ನಂಬರೇ ಬೇಕಿದ್ದರೆ 4ಜಿ ಕೀಪ್ಯಾಡ್ ಫೋನನ್ನೇ ಕೇಳಿ, ಕೊಳ್ಳುವ ಮುಂಚೆ ಅಂಗಡಿಯಲ್ಲೇ ಸಿಮ್ ಹಾಕಿ ಕರೆ ಮಾಡಿ ನೋಡಿ. ನೋಕಿಯಾ 105ರಲ್ಲಿ ಸಣ್ಣ ನ್ಯಾನೋ ಸಿಮ್ ಹಾಕಲು ಅಡಾಪ್ಟರ್ (ಸಿಮ್ ಕೂರಿಸುವ ದೊಡ್ಡ ಚೌಕಟ್ಟು) ಬೇಕು. ಸಿಮ್ ಇಲ್ಲದ ಬರಿ ಅಡಾಪ್ಟರನ್ನು ತೂರಿಸಿ ಎಳೆದರೆ ಒಳಗಿನ ಪಿನ್ನು ಮುರಿಯಬಹುದು.

ಇನ್ನೊಂದು ತೊಡಕು: ಫೋನ್‌ಪೇ, ಗೂಗಲ್ ಪೇ ಮೊದಲ ಸಲ ನೋಂದಾಯಿಸುವಾಗ ಬ್ಯಾಂಕಿನ ಸಿಮ್ ಅದೇ ಸ್ಮಾರ್ಟ್‌ಫೋನಿನಲ್ಲಿರಬೇಕು, ಅಲ್ಲಿಂದಲೇ ಎಸ್ಸೆಮ್ಮೆಸ್ ಹೋಗಬೇಕು. ಫೋನ್ ಬದಲಿಸಿದಾಗಲೂ ಅಷ್ಟೇ.

ರೀಚಾರ್ಜ್ ಮರೆಯಬೇಡಿ. 90 ದಿನ ಬಳಸದ ನಂಬರು ಕಡಿತವಾಗಿ, ಕೊನೆಗೆ ಬೇರೆಯವರ ಪಾಲಾಗಬಹುದು.